ಒಂಬತ್ತನೇ ತರಗತಿ ಹುಡುಗ, ಕರ್ಚೀಫಿನಲ್ಲಿ ಪಂಕ್ಚರ್ ಸಲ್ಯೂಷನ್. ಟಿಸಿ ಕೊಟ್ಟು ಕಳಿಸೋದು ಸರಿಯಾ? ರಾಯಚೂರು ಕಡೆಯವರು ಹೇಳಿ

ನದಿ ದಂಡಿ ಮಾಸ್ತರ್ (ಚರ್ಚೆ ಶುರು ಮಾಡಿದವರು)

ರಾಯಚೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಹನ್ನೊಂದು ವರ್ಷದಿಂದ ಸಮಾಜ ವಿಜ್ಞಾನ ಪಾಠ ಮಾಡ್ತಿದ್ದೀನಿ. ಊರು, ಶಾಲೆ ಯಾವುದು ಅಂತ ಬರೆಯಲ್ಲ. ದಯವಿಟ್ಟು ಯಾರೂ ಊಹೆ ಮಾಡಿ ಹೆಸರು ಹಾಕಬೇಡಿ, ಹುಡುಗ ಚಿಕ್ಕವನು.

ಹೋದ ವಾರ ಬಿಸಿಯೂಟ ಮುಗಿದ ಮೇಲಿನ ಪೀರಿಯಡ್. ಕೊನೇ ಬೆಂಚಿನಲ್ಲಿ ಒಬ್ಬ ಕರ್ಚೀಫ್ ಮೂಗಿಗೆ ಹಿಡಿದೇ ಕೂತಿದ್ದ. ನೆಗಡಿ ಇರಬೇಕು ಅಂದ್ಕೊಂಡೆ. ಹತ್ತಿರ ಹೋದರೆ ಸೈಕಲ್ ಪಂಕ್ಚರ್ ಅಂಗಡಿ ಮುಂದೆ ನಿಂತ ಹಾಗೆ ವಾಸನೆ. ಟ್ಯೂಬಿಗೆ ಹಚ್ಚೋ ಸಲ್ಯೂಷನ್ ಅಂಟನ್ನ ಅಮಲಿಗೆ ಅಂತ ಮೂಸ್ತಿದ್ದ. ಹೆಸರು ಹಿಡಿದು ಕರೆದೆ. ತಲೆ ಎತ್ತಿದ, ಕಣ್ಣು ಮಾತ್ರ ನನ್ನ ಮೇಲೆ ನಿಲ್ಲಲಿಲ್ಲ. ಮೂಗಿನ ಕೆಳಗೆ, ತುಟಿ ಸುತ್ತ ಚರ್ಮ ಒಡೆದು ಕೆಂಪಗಾಗಿತ್ತು. ಆ ಗಾಯವನ್ನ ಎರಡು ಮೂರು ವಾರದಿಂದ ನೋಡ್ತಾನೇ ಇದ್ದೆ, ಒಂದು ದಿನವೂ ಏನದು ಅಂತ ಕೇಳಿರಲಿಲ್ಲ. ಈಗ ರಾತ್ರಿ ಮಲಗಿದರೆ ಕಣ್ಣ ಮುಂದೆ ಬರೋದು ಅದೇ ಗಾಯ.

ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋಗಿದ್ದಾರೆ, ಕಟ್ಟಡದ ಕೆಲಸ. ಮನೆಯಲ್ಲಿರೋದು ಅಜ್ಜಿ. ಕರೆಸಿದೆವು. ಆಫೀಸಿನ ಹೊಸ್ತಿಲ ಹೊರಗೇ ನಿಂತು, ಸೆರಗು ಬಾಯಿಗೆ ಹಿಡಿದು, ಒಂದೇ ಮಾತು ಕೇಳಿದಳು: "ಕಾಸಿ ಬರಿ ಹಾಕಿಸಿದ್ರ ಬಿಡ್ತಾನೇನ್ರೀ?"

ಸ್ಟಾಫ್ ರೂಮಿನಲ್ಲಿ ಹೆಚ್ಚಿನವರ ಅಭಿಪ್ರಾಯ ಟಿಸಿ ಕೊಡೋಣ ಅಂತ. ಎಂಟನೇ ತರಗತಿವರೆಗೆ ಮಗುವನ್ನ ಶಾಲೆಯಿಂದ ಹೊರಗೆ ಹಾಕೋ ಹಾಗಿಲ್ಲ ಅಂತ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತೆ. ಇವನು ಒಂಬತ್ತು, ಆ ರಕ್ಷಣೆ ಇಲ್ಲ. ಜೂನ್ 26ರ ಜಾಥಾದಲ್ಲಿ ಮುಂದಿನ ಸಾಲಲ್ಲಿ ಬೋರ್ಡ್ ಹಿಡಿದವನು ಇವನೇ. ಆಗಸ್ಟ್ 1ರ ವ್ಯಸನಮುಕ್ತ ದಿನದಂದು ಪ್ರಮಾಣವಚನ ಬೋಧಿಸಿದ್ದು ನಾನು, ಇವನೂ ಕೈ ಮುಂದೆ ಚಾಚಿ ಹೇಳಿದ್ದ. ಹಾಗಾದರೆ ನಮ್ಮ ಶಾಲೆಯಲ್ಲಿ ಇನ್ನೇನು ಇರಬೇಕಿತ್ತು, ಏನು ಇರಲಿಲ್ಲ? ಬಲ್ಲವರು ಮನಸ್ಸು ಬಿಚ್ಚಿ ಹೇಳಿ.

ಎಸ್‌ಡಿಎಂಸಿ ಸದಸ್ಯ

ಸರ್, ನಾನು ಬೇರೆ ತಾಲ್ಲೂಕಿನವನು, ಅಲ್ಲಿನ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಸಮಿತಿಯಲ್ಲಿ ಇದ್ದೀನಿ. ನೇರವಾಗಿ ಹೇಳ್ತೀನಿ, ಬೇಸರ ಮಾಡ್ಕೋಬೇಡಿ. ನನ್ನ ಮಗಳು ಎಂಟನೇ ತರಗತಿ ಓದ್ತಿದ್ದಾಳೆ. ಅವಳ ಕ್ಲಾಸಿನಲ್ಲಿ ಇಂಥ ಹುಡುಗ ಇದ್ದರೆ ನಾನೇ ಮೊದಲು ಟಿಸಿ ಕೇಳ್ತೀನಿ. ಕೆಲವು ವರ್ಷದ ಹಿಂದೆ ನಮ್ಮ ಶಾಲೆಯಲ್ಲಿ ಒಬ್ಬನನ್ನ ಪಾಪ ಅಂತ ಇಟ್ಕೊಂಡಿದ್ದೆವು. ಮುಂದಿನ ಜೂನ್ ಹೊತ್ತಿಗೆ ಶೌಚಾಲಯದ ಹಿಂದೆ ನಾಲ್ಕು ಜನ. ಆ ಮೂವರ ತಂದೆ ತಾಯಿ ಬಂದು ನಮ್ಮ ಕೊರಳಪಟ್ಟಿ ಹಿಡಿದರು. ಅವರಿಗೆ ಏನು ಉತ್ತರ ಕೊಡೋದು? ಒಬ್ಬನ ಮೇಲಿನ ಕರುಣೆಗೆ ಉಳಿದ ಅರವತ್ತು ಮಕ್ಕಳು ಬೆಲೆ ತೆರಬೇಕಾ?

ಹಟ್ಟಿ ಹುಡುಗ

ಅಣ್ಣಾ, ನಾನೂ ಹಂಗ ಟಿಸಿ ತಗೊಂಡ ಹುಡುಗ. ಈಗ ಇಪ್ಪತ್ನಾಕು ವರ್ಷ. ಮೊಬೈಲ್‌ನಾಗ ಇಷ್ಟು ಉದ್ದ ಬರ್ಯಾಕತ್ತಿದ್ದು ಇದೇ ಮೊದಲ ಸಲ.

ನಂದು ಸಲ್ಯೂಷನ್ ಅಲ್ಲ, ಗುಟ್ಕಾ. ಏಳನೇತ್ತದಾಗ ಶುರು ಆತು. ಹೆಂಗ ಅಂದ್ರ ನಮ್ ಮಾಸ್ತರೊಬ್ರು ದಿನಾ ಮಧ್ಯಾಹ್ನ ನನ್ನ ಕೈಯಾಗ ರೊಕ್ಕ ಕೊಟ್ಟು ಗುಟ್ಕಾ ಚೀಟಿ ತರಾಕ ಕಳಸ್ತಿದ್ರು. ಇಡೀ ಕ್ಲಾಸಿನಾಗ ನನ್ನನ್ನ ಆರಿಸ್ಯಾರ ಅಂತ ನನಗ ಭಾಳ ಹೆಮ್ಮಿ. ಅವರು ಪೊಟ್ಣ ಹರಿಯೋದು, ಎರಡು ಚೀಟಿ ಒಂದರಾಗ ಸುರಿಯೋದು, ಬೆರಳಿಲೆ ಬಡದು ಬಾಯಾಗ ಹಾಕ್ಕೊಳ್ಳೋದು ನೋಡೀ ನೋಡೀ ಕೈ ರೂಢಿ ಆಗಿತ್ತು, ಬಾಯಿ ಆಮ್ಯಾಲ. ಪುಸ್ತಕದಾಗ ತಂಬಾಕು ಕೆಟ್ಟದ್ದು ಅಂತ ಪಾಠ ಇತ್ತು. ಅದನ್ನ ಓದಿ ಹೇಳಿದ್ದೂ ಅವರೇ. ಮಕ್ಕಳು ಕಿವಿಲೆ ಕಲಿಯಲ್ರಿ, ಕಣ್ಣಿಲೆ ಕಲೀತಾರ.

ಹತ್ತನೇತ್ತದಾಗ ಸಿಕ್ಕಿಬಿದ್ದೆ. ಪ್ರಾರ್ಥನಾದಾಗ ಎಲ್ಲಾರ ಮುಂದ ನಿಲ್ಲಿಸಿ ಕಿಸೆ ಬರಿದು ಮಾಡ್ಸಿದ್ರು. ಹೆಣ್ಮಕ್ಕಳ ಸಾಲಿನಾಗ ನಮ್ ಕಾಕಾನ ಮಗಳು ಇದ್ಲು. ಮರುದಿನ ಟಿಸಿ. ನಮ್ ಮನಿಗೆ ಸಾಲಿ ಗಂಟಿ ಕೇಳ್ತಿತ್ತು. ದಿನಾ ಒಂಬತ್ತೂವರೆಗೆ ಗಂಟಿ ಬಡದ ಕೂಡ್ಲೆ ಮನಿ ಬಿಟ್ಟು ಹಳ್ಳದ ಕಡಿ ಹೋಗಿಬಿಡ್ತಿದ್ದೆ, ಕೇಳಬಾರದು ಅಂತ. ಅಲ್ಲಿ ಯಾರಿರ್ತಾರ? ಕೆಲಸ ಇಲ್ದೋರು, ಇಸ್ಪೀಟ್ ಆಡೋರು. ಅವರು ಮಾತ್ರ ನನಗ 'ಬಾರಪಾ, ಕುಂದರು' ಅಂದ್ರು. ಗುಟ್ಕಾ ಹೋಗಿ ಸೇಂದಿ ಬಂತು, ಅದೂ ಅಮಲೇರಸೋ ಸಿಎಚ್ ಪೌಡರ್ ಹಾಕಿದ್ದು. ಎರಡು ವರ್ಷ ಏನ್ ಮಾಡೀನಿ ಅಂತ ನನಗೇ ಸರಿಯಾಗಿ ನೆನಪಿಲ್ಲ.

ಎಸ್‌ಡಿಎಂಸಿ ಅಣ್ಣಾರ, ನಿಮ್ಮ ಮಗಳ ಚಿಂತಿ ಖರೇ ಐತಿ. ಆದ್ರ ಟಿಸಿ ಕೊಟ್ಟ ಹುಡುಗ ಚಂದ್ರಲೋಕಕ್ಕ ಹೋಗಂಗಿಲ್ಲ. ಅದೇ ಊರಾಗ, ಅದೇ ಸಾಲಿ ಕಾಂಪೌಂಡ್ ಹೊರಗ ಇರ್ತಾನ.

ಗುಂಜಳ್ಳಿ ಗಾಳಿ

ಹಟ್ಟಿ ತಮ್ಮಾ, ಬರೆದಿದ್ದಕ್ಕ ನಿನಗ ದೊಡ್ಡ ನಮಸ್ಕಾರ. ಈಗ ಹೆಂಗದೀ?

ಹಟ್ಟಿ ಹುಡುಗ

ಚಲೋ ಅದೀನ್ರಿ. ನಾಕು ವರ್ಷ ಆತು ಬಿಟ್ಟು. ಟಿಪ್ಪರ್ ಓಡಸ್ತೀನಿ.

ಶುಶ್ರೂಷಕಿ

ನಾನು ಸರ್ಕಾರಿ ಆಸ್ಪತ್ರೆಯ ನರ್ಸ್. ಮಾಸ್ತರ್ ಅವರೇ, ಮೊದಲು ತುರ್ತಿನ ವಿಷಯ. ಸಲ್ಯೂಷನ್, ವೈಟ್ನರ್, ಥಿನ್ನರ್ ಇವುಗಳನ್ನ 'ಏನೋ ಮಕ್ಕಳಾಟ' ಅಂತ ಅನೇಕರು ಹಗುರವಾಗಿ ತಗೋತಾರೆ. ಅದರ ಆವಿ ನೇರ ಮೆದುಳಿಗೆ, ಹೃದಯಕ್ಕೆ ಹೋಗುತ್ತೆ. ಮೊದಲ ಸಲ ಸೇದಿದವನಿಗೂ ಹೃದಯದ ಬಡಿತ ತಪ್ಪಿ ಅಲ್ಲೇ ಜೀವ ಹೋಗಬಹುದು. ಅದಕ್ಕೇ ಅಮಲಲ್ಲಿರೋ ಹುಡುಗನನ್ನ ಅಟ್ಟಿಸಿಕೊಂಡು ಓಡಬೇಡಿ, ಹೊಡೆದು ಗಾಬರಿಪಡಿಸಬೇಡಿ. ಗಾಳಿ ಇರೋ ಕಡೆ ಕೂರಿಸಿ, ಒಬ್ಬನೇ ಬಿಡಬೇಡಿ, ಉಸಿರು ನೋಡ್ತಾ ಇರಿ, ಪ್ರಜ್ಞೆ ತಪ್ಪಿದರೆ 108ಕ್ಕೆ ಕರೆ ಮಾಡಿ. ನೀವು ನೋಡಿದ ಮೂಗಿನ ಕೆಳಗಿನ ಗಾಯ ಇದರದ್ದೇ ಗುರುತು. ಎಲ್ಲ ಮೇಷ್ಟ್ರುಗಳೂ ಇದನ್ನ ನೆನಪಿಡಿ.

ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡ ಚಟ ಅಂದರೆ ಈ ಮೂಗಿನಿಂದ ಎಳೆಯೋದು ಒಂದೇ. 10ರಿಂದ 17 ವಯಸ್ಸಿನವರಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58. ಕಾರಣ ಕಷ್ಟದ್ದಲ್ಲ, ಅಗ್ಗ, ಎಲ್ಲ ಕಡೆ ಸಿಗುತ್ತೆ, ಕೇಳಿದರೆ ಯಾರೂ ಅನುಮಾನ ಪಡಲ್ಲ.

ಸಿಎಚ್ ಪೌಡರ್ ಅಂದರೆ ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸೋ ರಾಸಾಯನಿಕ. ಅದಕ್ಕೆ ಒಗ್ಗಿದವರು ಒಮ್ಮೆಲೇ ನಿಲ್ಲಿಸಿದರೆ ಮೂರ್ಛೆರೋಗದ ಹಾಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು. ಕೋಣೆಯಲ್ಲಿ ಕೂಡಿ ಹಾಕಿ ಬಿಡಿಸೋ ಪ್ರಯತ್ನ ಮಾಡಲೇಬಾರದು, ಡಾಕ್ಟರ ಹತ್ತಿರವೇ ಆಗಬೇಕು. ಹಾಗೇ ಆ ಅಜ್ಜಿಗೆ ಹೇಳಿ, ಬರೆಯಿಂದ ಬಿಡೋ ಕಾಯಿಲೆ ಇದಲ್ಲ.

ಬಡಿ ಅಂಗಡಿ

ನಾ ಬರೀಬೇಕೋ ಬ್ಯಾಡೋ ಅಂತ ಎರಡು ದಿನ ವಿಚಾರ ಮಾಡಿ ಬರ್ಯಾಕತ್ತೀನಿ. ಸಾಲಿ ಗೇಟಿನ ಎದುರಿಗೆ ನಂದು ಪಾನ್ ಅಂಗಡಿ ಇತ್ತು. ಹನ್ನೆರಡು ವರ್ಷ. ಗಂಟಿ ಬಡದ್ರ ವ್ಯಾಪಾರ. ಪೆಪ್ಪರ್‌ಮಿಂಟು, ಪೆನ್ನು, ಅದರ ಪಕ್ಕದಾಗ ಚೀಟಿ ಸರ. ಸಣ್ಣ ಹುಡುಗ್ರಿಗೆ ಚೀಟಿ ಕೊಡಬಾರದು ಅಂತ ಗೊತ್ತಿತ್ತು. 'ಅಪ್ಪಗ' ಅಂತಿದ್ರು, ಕೊಡ್ತಿದ್ದೆ. ಖರೇ ಅಪ್ಪಗೋ ಸುಳ್ಳೋ ಅಂತ ಕೇಳಿದ್ರ ಗಿರಾಕಿ ಹೋಗ್ತಾನಲ್ಲ.

ಒಂದಿನ ಪಂಚಾಯ್ತಿಯೋರು ಟೇಪ್ ಹಿಡ್ಕೊಂಡು ಬಂದು ಅಳೆದ್ರು. ಗೇಟಿನಿಂದ ನನ್ನ ಅಂಗಡಿಗೆ ಇಪ್ಪತ್ತೆಂಟು ಮೀಟರ್. ದಂಡ ಹಾಕಿದ್ರು, ಕಟ್ಟಿದೆ, ಮತ್ತ ಮಾರಿದೆ. ಬಿಟ್ಟಿದ್ದು ದಂಡಕ್ಕಲ್ಲ. ನನ್ನ ತಮ್ಮನ ಮಗ ಅದೇ ಸಾಲಿಗೆ ಸೇರಿದ. ಮೊದಲ ವಾರದಾಗ ನನ್ನ ಅಂಗಡಿಗೇ ಬಂದು, ನನ್ನ ಮಾರಿ ನೋಡಿ, 'ದೊಡ್ಡಪ್ಪಾ, ನಮ್ ಸರ್‌ಗೆ ಎರಡು ಕೊಡು' ಅಂದ. ಕೈಯಾಗ ಹತ್ತು ರೂಪಾಯಿ ನೋಟು, ಬೆವತು ಮೆತ್ತಗಾಗಿತ್ತು. ಅವತ್ತೇ ಸರ ಇಳಿಸಿದೆ. ಈಗ ಅಲ್ಲೇ ಮಂಡಾಳ ಒಗ್ಗರಣಿ, ಮಿರ್ಚಿ ಮಾಡ್ತೀನಿ. ಲಾಭ ಕಡಿಮಿ, ಸುಳ್ಳು ಹೇಳಂಗಿಲ್ಲ.

ಲೆಕ್ಕದ ಟೀಚರ್, ಕುಷ್ಟಗಿ ಕಡೆ

ಅಂಗಡಿ ಅಣ್ಣ, ಹಟ್ಟಿಯ ತಮ್ಮ ಇಬ್ಬರೂ ಹೇಳಿದ್ದು ಒಂದೇ ಮಾತು, ಅದೂ ನಮ್ಮ ಕಡೆ ಬೆರಳು ತೋರಿಸೋ ಮಾತು. ಹದಿನೆಂಟು ತುಂಬದ ಮಗುವಿಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಏಳು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷದವರೆಗೆ ದಂಡ. ಮಗುವಿನ ಕೈಯಲ್ಲಿ ಅದನ್ನ ಮಾರಿಸಿದರೆ, ಸಾಗಿಸಿದರೆ 78ನೇ ಸೆಕ್ಷನ್. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧ ಆಗಿದೆ. ಆಮೇಲೆ ಬಂದದ್ದೇ ಆ ಎರಡು ಚೀಟಿ, ಅಡಿಕೆ ಬೇರೆ, ತಂಬಾಕು ಬೇರೆ. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿಯಲ್ಲಿ ತಂಬಾಕು ಕೊಳ್ಳೋ ವಯಸ್ಸು 18ರಿಂದ 21ಕ್ಕೆ ಏರಿತು, ಬಿಡಿ ಸಿಗರೇಟ್ ಮಾರೋ ಹಾಗಿಲ್ಲ, ಶಾಲೆಯಿಂದ 100 ಮೀಟರ್ ಒಳಗೆ ಮಾರಾಟವೇ ಇಲ್ಲ. ಕಾನೂನು ಸಾಕಷ್ಟಿದೆ. ಗೇಟಿನ ಹೊರಗೆ ಟೇಪ್ ಹಿಡಿದು ಅಳೆಯೋದು ಸುಲಭ. ಸ್ಟಾಫ್ ರೂಮಿನ ಡೆಸ್ಕಿನ ಡ್ರಾಯರ್ ತೆಗೆಸೋರು ಯಾರು?

ಇನ್ನೊಂದು ವಿಷಯ ಬಹಳ ದಿನದಿಂದ ಹೇಳಬೇಕು ಅಂತಿದ್ದೆ. ಬಿಹಾರದ ನಳಂದಾ ಜಿಲ್ಲೆಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು, ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಕೆಲವು ಶಾಲೆಗೆ ತರಬೇತಿ ಕೊಟ್ಟ ಸ್ಥಳೀಯ ಆಪ್ತಸಲಹೆಗಾರರನ್ನ ಕಳಿಸಿದರು, ಕೆಲವು ಶಾಲೆಯಲ್ಲಿ ಅದೇ ಕೆಲಸ ಅಲ್ಲಿನ ಶಿಕ್ಷಕರಿಗೇ ಒಪ್ಪಿಸಿದರು. ಕೆಲಸ ಅಂದರೆ ಗೋಡೆಪತ್ರಿಕೆ, ಮಕ್ಕಳ ಗುಂಪು, ಮನಸ್ಸಿನ ಮಾತು ಬರೆದು ಹಾಕೋ ಪೆಟ್ಟಿಗೆ, ಕಷ್ಟ ಇದ್ದವನಿಗೆ ಅವರ ಜೊತೆ ಒಬ್ಬನೇ ಕೂತು ಮಾತಾಡೋ ಅವಕಾಶ. ಸಲಹೆಗಾರರು ಇದ್ದ ಶಾಲೆಗಳಲ್ಲಿ ವಾತಾವರಣವೇ ಬದಲಾಯಿತು, ಮಕ್ಕಳ ಖಿನ್ನತೆ, ಒಬ್ಬರನ್ನೊಬ್ಬರು ಪೀಡಿಸೋದು ಕಡಿಮೆಯಾಯಿತು. ಶಿಕ್ಷಕರಿಗೇ ಒಪ್ಪಿಸಿದ ಕಡೆ ಏನೂ ಆಗಲಿಲ್ಲ. ಓದಿದಾಗ ನನಗೆ ನೋವಾಯಿತು, ಆದರೆ ಆಶ್ಚರ್ಯ ಆಗಲಿಲ್ಲ. ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆ ಕೆಲಸ ಎಲ್ಲ ನಮ್ಮ ತಲೆ ಮೇಲೆ. ಅಲ್ಲದೆ ಬೆಳಿಗ್ಗೆ ಬೈದ ಟೀಚರ್ ಹತ್ತಿರ ಮಧ್ಯಾಹ್ನ ಯಾವ ಮಗು ಬಂದು ಗುಟ್ಟು ಹೇಳುತ್ತೆ?

ಆ ಪ್ರಯೋಗ ಚಟದ ಬಗ್ಗೆ ಅಲ್ಲ, ನಿಜ. ಚಟದ್ದೇ ಆದರೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 26 ಶಾಲೆಗಳನ್ನ ಹೀಗೇ ಗಮನಿಸಿದ್ದರು. ಮಗುವಿಗೆ 'ಈ ಶಾಲೆ ನನ್ನದು' ಅನ್ನೋ ಹಾಗೆ ಮಾಡಿದ ಕಡೆ ಸಿಗರೇಟು, ಕುಡಿತ ಸ್ವಲ್ಪ ಕಡಿಮೆ ಕಂಡಿತು. ದೊಡ್ಡ ವ್ಯತ್ಯಾಸ ಅಲ್ಲ, ನೂರಕ್ಕೆ ಮೂರೋ ಐದೋ ಮಕ್ಕಳು. ನಮ್ಮ ಒಂದು ತರಗತಿಗೆ ಲೆಕ್ಕ ಹಾಕಿದರೆ ಇಬ್ಬರು ಮೂವರು. ಅವರಲ್ಲಿ ಒಬ್ಬ ಮಾಸ್ತರ್ ಹೇಳಿದ ಆ ಕೊನೇ ಬೆಂಚಿನವನು ಆಗಿರಬಹುದು.

ಗುಂಜಳ್ಳಿ ಗಾಳಿ

ಟೀಚರ್, ಒಂದು ಸಂಶಯ. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯಾಗ 13ರಿಂದ 15 ವಯಸ್ಸಿನ ಶಾಲಾ ಮಕ್ಕಳಾಗ ತಂಬಾಕು ಬಳಸೋರು ದೇಶಕ್ಕ ಶೇ 8.5, ನಮ್ಮ ಕರ್ನಾಟಕಕ್ಕ ಬರೀ ಶೇ 1.2 ಅಂತ ಬಂದಿತ್ತು. ಹಂಗಂದ್ರ ನಮ್ಮಲ್ಲಿ ಸಮಸ್ಯೆ ಸಣ್ಣದಲ್ಲೇನು?

ಲೆಕ್ಕದ ಟೀಚರ್, ಕುಷ್ಟಗಿ ಕಡೆ

ಹೆಸರು ಬರೆಯದೇ ತುಂಬೋ ಫಾರಂ ಆದರೂ ಕ್ಲಾಸ್‌ರೂಮಿನಲ್ಲಿ ಕೂತು ತುಂಬೋದು. ಪಕ್ಕದವನು ಇಣುಕ್ತಾನೆ. ಅದಕ್ಕಿಂತ ಮುಖ್ಯ, ಆ ಅಂಕಿ ಶಾಲೆಯಲ್ಲಿ ಇದ್ದ ಮಕ್ಕಳದ್ದು. ಅವತ್ತು ಮೆಣಸಿನಕಾಯಿ ಬಿಡಿಸೋಕೆ ಹೋದವನು, ಟಿಸಿ ತಗೊಂಡು ಹಳ್ಳದ ಕಡೆ ಹೋದವನು ಅದರಲ್ಲಿ ಇಲ್ಲ. ನಿಮ್ಮ ಜಿಲ್ಲೆಗೆ ಆ ಲೆಕ್ಕ ಹಚ್ಚೋದು ಕಷ್ಟ.

ಹತ್ತಿ ಹೊಲದ ಮಗಳು

ಎಲ್ಲರೂ ಹುಡುಗರ ಬಗ್ಗೆನೇ ಬರೀತಿದ್ದೀರಿ. ನಾನು ಪಿಯುಸಿ ಓದುವ ಹುಡುಗಿ. ಆರರಿಂದ ಎಂಟರವರೆಗೆ ಕಸ್ತೂರಬಾ ವಸತಿ ಶಾಲೆಯಲ್ಲಿದ್ದೆ. ಅದಕ್ಕೂ ಮುಂಚೆ ರಜೆ ಇದ್ದಾಗಲೆಲ್ಲ ಅವ್ವನ ಜೊತೆ ಹತ್ತಿ ಹೊಲಕ್ಕೆ ಹೋಗ್ತಿದ್ದೆ. ಮಧ್ಯಾಹ್ನ ಹಸಿವಾದರೆ ದೊಡ್ಡವರು ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕಿ, 'ಒಂದೀಟು ದವಡಿಗೆ ಇಟ್ಗ, ಹಸಿವು ಗೊತ್ತಾಗಂಗಿಲ್ಲ' ಅಂತ ನಮಗೂ ಕೊಡ್ತಿದ್ದರು. ಅದನ್ನ ಯಾರೂ ಚಟ ಅನ್ನಲ್ಲ. ಹಾಸ್ಟೆಲ್ ಸೇರಿದ ಮೊದಲ ವಾರ ತಲೆನೋವು, ಸಿಟ್ಟು, ಅಳು. ಮನೆ ನೆನಪು ಅಂತ ನಾನೂ ಅಂದ್ಕೊಂಡಿದ್ದೆ. ನಮ್ಮ ವಾರ್ಡನ್ ಮೇಡಂ ಬಾಯಿ ವಾಸನೆ ನೋಡಿ ತಿಳ್ಕೊಂಡರು, ಯಾರಿಗೂ ಹೇಳಲಿಲ್ಲ. ದಿನಾ ರಾತ್ರಿ ಊಟ ಆದ ಮೇಲೆ ತಮ್ಮ ರೂಮಿಗೆ ಕರೆದು ಸೋಂಪು ಕೊಟ್ಟು, 'ಇವತ್ತು ಹೆಂಗಿತ್ತು?' ಅಂತ ಕೇಳ್ತಿದ್ದರು. ಅಷ್ಟೇ. ಒಂದು ತಿಂಗಳು ಹೀಗೇ ನಡೀತು. ಮೂರು ಹೊತ್ತು ಊಟ ಸಿಕ್ಕ ಮೇಲೆ ಆ ತಂಬಾಕು ನನಗೆ ಬೇಕೂ ಆಗಲಿಲ್ಲ.

ಅವತ್ತು ಅವರು ಪ್ರಾರ್ಥನೆಯಲ್ಲಿ ನನ್ನ ಹೆಸರು ಹೇಳಿದ್ದರೆ ನಾನು ಮರುದಿನವೇ ಬಸ್ ಹತ್ತಿ ಊರಿಗೆ ಹೋಗ್ತಿದ್ದೆ. ಹುಡುಗಿಯರು ಸಿಕ್ಕಿಬಿದ್ದರೆ ಟಿಸಿಗೆ ನಿಲ್ಲಲ್ಲ, ಮದುವೆಗೆ ಹೋಗುತ್ತೆ.

ಸಿಂಧನೂರು ತಾಯಿ

ಸಾಲಿ ಸಾಲಿ ಅಂತೀರಿ, ಮನಿ ಮಾತು ಯಾರು ಆಡಬೇಕು? ನನ್ನ ಗಂಡ ಕುಡೀತಾನ. ಊರಾಗ ಸಾರಾಯಿ 2007ರಾಗ ಬಂದ್ ಆತು, ಅವನ ಕುಡಿತ ಆಗಲಿಲ್ಲ. ಈಗ ಕಿರಾಣಿ ಅಂಗಡ್ಯಾಗೂ ಪೌಚ್ ಸಿಗತಾವ. 2019ರ ಜನವರ್ಯಾಗ ಚಿತ್ರದುರ್ಗದಿಂದ ಬೆಂಗಳೂರಿನ ತನಕ ಹೆಣ್ಮಕ್ಕಳು ಮದ್ಯ ನಿಷೇಧ ಮಾಡ್ರಿ ಅಂತ ನಡಕೊಂಡು ಹೋದ್ರಲ್ಲ, ನಮ್ಮ ರಾಯಚೂರಿನೋರು ಭಾಳ ಮಂದಿ ಇದ್ರು, ನಾನೂ ಇದ್ದೆ. ಪಾದ ಬೊಬ್ಬಿ ಬಂದು ಒಡದು ರಕ್ತ ಬಂತು. ನಿಷೇಧ ಬರಲಿಲ್ಲ.

ನನ್ನ ಮಗ ಹತ್ತನೇತ್ತ. ಮನ್ಯಾಗ ಜಗಳ ಆದ ರಾತ್ರಿ ಅವ ಮಲಗಂಗಿಲ್ಲ. ಮರುದಿನ ಸಾಲ್ಯಾಗ ತೂಕಡಸ್ತಾನ. ಮಾಸ್ತರು ಬೆಂಚಿನ ಮ್ಯಾಲ ನಿಲ್ಲಸ್ತಾರ. ಒಂದಿನ ಹೋಗಿ ಹೇಳಿದೆ, 'ಸರ್, ಅವ ಸೋಮಾರಿ ಅಲ್ರಿ, ರಾತ್ರಿ ನನಗ ಕಾವಲ ಕುಂತಿರ್ತಾನ.' ಆ ಸರ್ ಸುಮ್ಮನ ನಿಂತ್ರು. ಅವತ್ತಿನಿಂದ ಸಂಜಿ ಐದರಿಂದ ಏಳು ತನಕ ಸಾಲ್ಯಾಗೇ ಕುಂತು ಓದು ಅಂತ ಕೀಲಿ ಅವನ ಕೈಯಾಗ ಕೊಟ್ಟಾರ. ಅವನ ಸಂಗಾಟ ಇನ್ನಾ ಮೂರು ಹುಡುಗ್ರು ಬರ್ತಾರ. ಆ ಎರಡು ತಾಸು ನನ್ನ ಮಗ ಎಲ್ಲಿದ್ದಾನ ಅಂತ ನನಗ ಗೊತ್ತಿರತೈತಿ. ಮದ್ಯ ನಿಷೇಧ ಕೇಳಿ ಅಷ್ಟು ದೂರ ನಡದ್ರೂ ಸಿಗದಿದ್ದ ನೆಮ್ಮದಿ ಆ ಕೀಲಿ ಕೊಟ್ಟೈತಿ.

ಹಟ್ಟಿ ಹುಡುಗ

ಅವ್ವಾ, ನನಗ ಕೀಲಿ ಕೊಟ್ಟೋರು ಯಾರೂ ಇರಲಿಲ್ಲ.

ಎಸ್‌ಡಿಎಂಸಿ ಸದಸ್ಯ

ಎಲ್ಲ ಓದಿದೆ. ಎರಡು ಸಲ. ಮೊದಲು ಬರೆದ ಮಾತಿನಲ್ಲಿ ಅರ್ಧ ಹಿಂದಕ್ಕೆ ತಗೋತೀನಿ, ಅರ್ಧ ಇಲ್ಲ.

ಶೌಚಾಲಯದ ಹಿಂದೆ ನಾಲ್ಕು ಜನ ಆದರು ಅಂದೆ. ಯಾಕೆ ಅಲ್ಲೇ ಆದರು ಅಂತ ಈಗ ಯೋಚಿಸ್ತಿದ್ದೀನಿ. ಅದು ಬಾಗಿಲು ಮುರಿದ, ನೀರಿಲ್ಲದ ಶೌಚಾಲಯ. ಮೇಷ್ಟ್ರುಗಳು ಆ ಕಡೆ ಕಾಲಿಡ್ತಿರಲಿಲ್ಲ. ದೈಹಿಕ ಶಿಕ್ಷಕರ ಹುದ್ದೆ ಖಾಲಿ, ಆಟದ ಪೀರಿಯಡ್ ಅಂದರೆ ಬಿಟ್ಟಿ ಪೀರಿಯಡ್. ಒಬ್ಬನನ್ನ ಇಟ್ಕೊಂಡೆವು ನಿಜ, ಇಟ್ಕೊಂಡ ಮೇಲೆ ಅವನ ಜೊತೆ ಯಾರೂ ಏನೂ ಮಾಡಲಿಲ್ಲ. ಟಿಸಿ ಕೊಡಲಿಲ್ಲ, ಮಾತೂ ಕೊಡಲಿಲ್ಲ.

ಆದರೆ ಒಂದು ಪಟ್ಟು ಬಿಡಲ್ಲ. ತಂದು ಮಾರೋನು ಬೇರೆ, ಸೇದೋ ಮಗು ಬೇರೆ. ಶಾಲೆಯೊಳಗೆ ಹಂಚೋ ದೊಡ್ಡ ಹುಡುಗ ಸಿಕ್ಕರೆ ಅವನ ಹಿಂದೆ ಇರೋ ವಯಸ್ಕನವರೆಗೆ ಪೊಲೀಸರು ಹೋಗಲೇಬೇಕು. ಅಲ್ಲಿ ಕರುಣೆ ಬೇಡ.

ಶುಶ್ರೂಷಕಿ

ಒಪ್ತೀನಿ ಅಣ್ಣ. ಮಾಸ್ತರ್ ಅವರೇ, ಆ ಹುಡುಗನದ್ದು ಮುಂದೇನಾಯ್ತು?

ನದಿ ದಂಡಿ ಮಾಸ್ತರ್

ತಡವಾಗಿ ಬರೀತಿದ್ದೀನಿ, ಕ್ಷಮಿಸಿ.

ನಿಮ್ಮೆಲ್ಲರ ಮಾತು, ಹೆಸರು ತೆಗೆದು, ಸ್ಟಾಫ್ ಮೀಟಿಂಗಿನಲ್ಲಿ ಓದಿದೆ. ಹಟ್ಟಿ ತಮ್ಮನ ಗುಟ್ಕಾ ಚೀಟಿ ಮಾತು ಬಂದಾಗ ನಮ್ಮಲ್ಲಿ ಇಬ್ಬರು ತಲೆ ತಗ್ಗಿಸಿದರು. ಒಬ್ಬರು ಎದ್ದು ಹೊರಗೆ ಹೋದರು, ಸ್ವಲ್ಪ ಹೊತ್ತಿಗೆ ತಿರುಗಿ ಬಂದು ಕೂತರು. ಶಾಲೆಯೊಳಗೆ ಯಾವ ದೊಡ್ಡವರ ಕಿಸೆಯಲ್ಲೂ ಅದು ಇರಬಾರದು ಅಂತ ನಿರ್ಣಯ ಬರೆದು ಎಲ್ಲರೂ ಸಹಿ ಹಾಕಿದೆವು. ಇಳಕಲ್ಲಿನ ಮಹಾಂತ ಸ್ವಾಮಿಗಳು ಊರೂರು ತಿರುಗಿ ಜೋಳಿಗೆಗೆ ಚಟಗಳ ಭಿಕ್ಷೆ ಬೇಡಿದ್ದು ನಾವೆಲ್ಲ ಬಲ್ಲೆವು, ಅವರ ಹುಟ್ಟುಹಬ್ಬವೇ ಆಗಸ್ಟ್ 1. ಆ ಜೋಳಿಗೆಗೆ ಮೊದಲು ಹಾಕಬೇಕಾದವರು ನಾವು ಅಂತ ಮುಖ್ಯಗುರುಗಳೇ ಅಂದರು.

ಟಿಸಿ ನಿಂತಿದೆ, ಸದ್ಯಕ್ಕೆ. ದೀಪಾವಳಿವರೆಗೆ ನೋಡೋಣ ಅಂತ ಆಗಿದೆ. ಎಲ್ಲರಿಗೂ ಒಪ್ಪಿಗೆ ಇಲ್ಲ.

ಹುಡುಗನ ಜೊತೆ ಮಾತಾಡಿದೆ. ಆಫೀಸಿನಲ್ಲಿ ಅಲ್ಲ, ಕಾಲುವೆ ಏರಿ ಮೇಲೆ ನಡೀತಾ. ಮೊದಲ ಎರಡು ದಿನ ಹ್ಞೂಂ, ಉಹ್ಞೂಂ ಅಷ್ಟೇ. ಮೂರನೇ ದಿನ ಹೇಳಿದ. ಎಂಟನೇ ತರಗತಿಗೆ ಬರೋವರೆಗೂ ಅವನಿಗೆ ಸರಿಯಾಗಿ ಓದೋಕೆ ಬರ್ತಿರಲಿಲ್ಲ, ಈಗಲೂ ಕಷ್ಟ. ಪಾಠ ಓದು ಅಂತ ನಿಲ್ಲಿಸ್ತಾರೆ ಅನ್ನೋ ಭಯಕ್ಕೆ ಮಧ್ಯಾಹ್ನದ ಪೀರಿಯಡ್‌ಗೆ ಮೊದಲು ಅದನ್ನ ಸೇದ್ತಿದ್ದ. ಆಗ ಎಲ್ಲರೂ ನಕ್ಕಿದ್ದು ದೂರದಿಂದ ಕೇಳಿದ ಹಾಗೆ ಇರ್ತಿತ್ತಂತೆ. ಮಧ್ಯಾಹ್ನ ಸರದಿ ಪ್ರಕಾರ ಓದಿಸೋದು ನನ್ನ ಪೀರಿಯಡ್‌ನಲ್ಲಿ.

ಆಮೇಲೆ ಎರಡು ದಿನ ಶಾಲೆಗೇ ಬರಲಿಲ್ಲ. ಹುಡುಕಿಕೊಂಡು ಹೋದೆ, ಪಂಕ್ಚರ್ ಅಂಗಡಿ ಹಿಂದೆ ಸಿಕ್ಕ. ಬೈಯಲಿಲ್ಲ. ಕರೆದೆ, ಬಂದ. ಈಗ ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಬರ್ತಾನೆ, ಚಿಕ್ಕ ತರಗತಿಯ ಮಕ್ಕಳ ನಲಿ ಕಲಿ ಕಾರ್ಡ್ ಇಟ್ಕೊಂಡು ಅಕ್ಷರದಿಂದ ಶುರು ಮಾಡಿದ್ದೀವಿ, ಬಾಗಿಲು ಹಾಕ್ಕೊಂಡು, ಯಾರಿಗೂ ಕಾಣದ ಹಾಗೆ. ಒಂಬತ್ತನೇ ತರಗತಿಯವನು ಅದನ್ನ ಓದೋದು ಉಳಿದವರಿಗೆ ಕಂಡರೆ ಮುಗೀತು.

ಆಸ್ಪತ್ರೆಗೆ ಯಾವ ದಿನ ಕರ್ಕೊಂಡು ಬರಲಿ, ಅಕ್ಕ? ಅಜ್ಜಿ ಹುಚ್ಚರ ಡಾಕ್ಟರಾ ಅಂತ ಹೆದರ್ತಿದ್ದಾಳೆ.

ಶುಶ್ರೂಷಕಿ

ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಇರುತ್ತೆ, ಮನೋವೈದ್ಯರು ಬರ್ತಾರೆ. ಹದಿಹರೆಯದವರಿಗೆ ಅಂತಲೇ ಸ್ನೇಹಾ ಕ್ಲಿನಿಕ್ ಇದೆ, ಅಜ್ಜಿಗೆ ಅದರ ಹೆಸರೇ ಹೇಳಿ, ಹೆದರಲ್ಲ. ಮಧ್ಯದಲ್ಲಿ ಏನಾದರೂ ಆದರೆ ಟೆಲಿ ಮನಸ್ 14416, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡ್ತಾರೆ. ವ್ಯಸನಕ್ಕೇ ಅಂತ 14446 ಇದೆ. ಮಕ್ಕಳ ಸಹಾಯವಾಣಿ 1098. ಆಧಾರ್ ಇಲ್ಲದಿದ್ದರೂ ಬನ್ನಿ, ಯಾರೂ ವಾಪಸ್ ಕಳಿಸಲ್ಲ, ನಾನಿರ್ತೀನಿ. ಬೆಳಿಗ್ಗೆ ಹತ್ತರೊಳಗೆ ಬಂದರೆ ಸಾಲು ಕಡಿಮೆ.

ನದಿ ದಂಡಿ ಮಾಸ್ತರ್

ಮಂಗಳವಾರ ಎಂಟೂ ಕಾಲಿನ ಬಸ್ಸಿಗೆ ಹೊರಡ್ತೀವಿ. ಅಜ್ಜಿಯೂ ಬರ್ತಾಳೆ. ನನಗೆ ರಜೆ ಮಂಜೂರಾಗಿಲ್ಲ ಇನ್ನೂ, ಆಗುತ್ತೆ.

ಹಟ್ಟಿ ಹುಡುಗ

ಸರ್, ಮಂಗಳವಾರ ನಂದು ಆ ಕಡೀಗೇ ಟ್ರಿಪ್ ಐತಿ. ಅವನಿಗೆ ಬ್ಯಾಸರ ಇಲ್ಲಂದ್ರ ಆಸ್ಪತ್ರಿ ಮುಂದ ಒಂದು ಚಾ ಕುಡಿಯೂನು. ಏನೂ ಕೇಳಂಗಿಲ್ಲ ಅವನಿಗೆ.